ಎಣಿಕೆಯಲ್ಲಿ ಪ್ರಾಮಾಣಿಕತೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ಹಿರಿಯರ ಅನುಭವದ ಮಾತು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರಾಶಿಯಿಂದ ಹಿಡಿಯಷ್ಟು ಗೂಡನ್ನೆತ್ತಿ ಅದರ ಗುಣವನ್ನು ಅಂದಾಜು ಮಾಡುವುದೂ ಇದೇ ನಂಬಿಕೆಯಿಂದ. ರಾಶಿಯೆಲ್ಲವೂ ಒಂದೇ ಬಗೆಯದಾಗಿದ್ದರೆ ಈ ನಂಬಿಕೆ ಸಾಧುವಾದುದೇ ಸರಿ. ಆದರೆ ಕೋಟ್ಯಂತರ ಅಗುಳುಗಳಲ್ಲಿ ಒಂದು ಮಾತ್ರ ಭಿನ್ನವಾಗಿದ್ದು, ಅದನ್ನೇ ಅರಸಬೇಕಾಗಿ ಬಂದರೆ ಮಾಡುವುದೇನು? ಮೂಲಕಣಗಳ ಪ್ರಾಯೋಗಿಕ ಭೌತವಿಜ್ಞಾನವು ಎದುರಿಸುವ ಪ್ರಶ್ನೆ ಇದು. ಇದಕ್ಕೆ ದಾರಿ ತೋರುವುದು ಸಂಖ್ಯಾಶಾಸ್ತ್ರ.

ಇದರ ಉಜ್ಜ್ವಲ ನಿದರ್ಶನವು ದೂರದಲ್ಲಿಲ್ಲ. ಹೊಸಕೋಟೆಯನ್ನು ಹಾದು ಪೂರ್ವಕ್ಕೆ ಸಾಗುವ ಹಳೆಯ ಮದರಾಸು ರಸ್ತೆಯು ಕೋಲಾರದ ಕಡೆಗೆ ಒಯ್ಯುತ್ತದೆ. ಅಲ್ಲಿನ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಅವುಗಳ ಆಳದಲ್ಲಿ ನಡೆದ ವಿಜ್ಞಾನದ ಅನ್ವೇಷಣೆಯ ಕೀರ್ತಿ ಮಾಸಿಲ್ಲ. ಹೋಮಿ ಭಾಭಾ ಅವರ ಪ್ರೇರಣೆಯಿಂದ, ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ ವಿಶ್ವಕಿರಣಗಳನ್ನು ಅಳೆಯಲು ಉಪಕರಣಗಳೊಡನೆ ಆ ಗಣಿಗಿಳಿದರು. ನೆಲದ ಮೇಲೆ ಅಂಗೈಯಷ್ಟು ಜಾಗದ ಮೂಲಕ ಪ್ರತಿ ನಿಮಿಷವೂ ಹತ್ತಾರು ಮ್ಯೂಆನ್ ಕಣಗಳು ಹಾಯುತ್ತವೆ. ಗಣಿಯ ಬಹಳ ಆಳದಲ್ಲಾದರೋ ವಾರಗಟ್ಟಲೆ ಕಾದರೂ ಎಣಿಕೆಯೇ ದೊರೆಯದಂತಹ ಮೌನ. ಆ ಮೌನವನ್ನು ವಿಜ್ಞಾನಿಗಳು ವೈಫಲ್ಯವೆಂದು ಬಗೆಯಲಿಲ್ಲ. ಸೊನ್ನೆಯೂ ಒಂದು ಅಳತೆಯೇ. ಏನೂ ಕಾಣದಿದ್ದರೆ, ಅಷ್ಟು ಅವಧಿಯಲ್ಲಿ ನಿರೀಕ್ಷಿಸಬಹುದಾದ ಸರಾಸರಿ ಸಂಖ್ಯೆಯು ಮೂರನ್ನು ಮೀರದೆಂದು ನೂರಕ್ಕೆ ತೊಂಬತ್ತೈದರಷ್ಟು ಭರವಸೆಯಿಂದ ಹೇಳಲು ಶಾಸ್ತ್ರವು ಅನುವು ಮಾಡಿಕೊಡುತ್ತದೆ. ಮೇಲಿನಿಂದ ಬರುವ ಕಣಗಳ ಗದ್ದಲ ಅಡಗಿದ್ದರಿಂದಲೇ, ಅಡ್ಡಲಾಗಿ ಹಾದ ಕೆಲವೇ ಜಾಡುಗಳು ನ್ಯೂಟ್ರಿನೊಗಳ ಕುರುಹೆಂದು ಸಾರುವುದು ಸಾಧ್ಯವಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ ಹಾಗೂ ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾನಿಲಯಗಳೊಡನೆ 1965ರಲ್ಲಿ ಪ್ರಕಟಿಸಿದ ಈ ಫಲಿತಾಂಶವು ಜಗತ್ತಿನ ಗಮನವನ್ನು ಸೆಳೆಯಿತು.

ಅದೇ ಗಣಿಯಲ್ಲಿ 1980ರಲ್ಲಿ ಸುಮಾರು 140 ಟನ್ ಕಬ್ಬಿಣವನ್ನು ಜೋಡಿಸಿ, ಪ್ರೋಟಾನು ನಶಿಸುವುದೇ ಎಂಬುದನ್ನು ಪರೀಕ್ಷಿಸುವ ಪ್ರಯೋಗ ಆರಂಭವಾಯಿತು. ನಾಶದ ಕುರುಹಿರಬಹುದೆಂದು ತೋರಿದ ಕೆಲವು ಘಟನೆಗಳು ವರದಿಯಾದವು. ಆದರೆ ಅಮೆರಿಕ ಮತ್ತು ಜಪಾನುಗಳಲ್ಲಿ ನಡೆದ ಇನ್ನೂ ದೊಡ್ಡ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಪ್ರೋಟಾನಿನ ನಾಶವನ್ನು ಇಂದಿಗೂ ಯಾರೂ ಖಚಿತವಾಗಿ ಕಂಡಿಲ್ಲ. ಇದರಲ್ಲಿ ಅಡಗಿರುವ ಪಾಠ ಸರಳ. ಹಿನ್ನೆಲೆಯಿಂದ ಸರಾಸರಿ ಒಂದು ಘಟನೆಯನ್ನು ನಿರೀಕ್ಷಿಸುವೆಡೆ ಮೂರೋ ಅದಕ್ಕೂ ಹೆಚ್ಚೋ ಕಂಡುಬಂದರೆ ಮನಸ್ಸು ಹಿಗ್ಗುವುದು ಸಹಜ. ಆದರೆ ಬರಿಯ ಆಕಸ್ಮಿಕದಿಂದಲೇ ಹಾಗಾಗುವ ಸಂಭವ ನೂರಕ್ಕೆ ಎಂಟರಷ್ಟಿದೆ. ಆದುದರಿಂದಲೇ 2012ರ ಜುಲೈ 4ರಂದು ಹಿಗ್ಸ್ ಕಣವನ್ನು ಘೋಷಿಸುವ ಮುನ್ನ, ಅಂತಹ ಫಲವು ಆಕಸ್ಮಿಕವಾಗಿ ಬರುವ ಸಂಭವ ಸುಮಾರು 35 ಲಕ್ಷಕ್ಕೆ ಒಂದರಷ್ಟಾದರೂ ವಿರಳವಾಗಿರಬೇಕೆಂಬ ಕಟ್ಟಳೆಯನ್ನು ವಿಜ್ಞಾನಿಗಳು ಪಾಲಿಸಿದರು. ಕೋಲಾರದವರ ಹಿರಿಮೆ ಕುಂದಿತೆ? ಇಲ್ಲ. ಕಂಡದ್ದನ್ನು ಕಂಡಂತೆ ಲೋಕದ ಮುಂದಿಟ್ಟು ಪರೀಕ್ಷೆಗೆ ಒಡ್ಡಿದವನು ಸೋತರೂ ಸತ್ಯಕ್ಕೆ ಸೋಲಿಲ್ಲ.

ಈಗ ಶಾಲೆಯ ಪ್ರಯೋಗಶಾಲೆಯ ಕಡೆಗೆ ದೃಷ್ಟಿ ಹರಿಸಬೇಕು. ಲೋಲಕದ ಪ್ರಯೋಗದಲ್ಲಿ ಗುರುತ್ವದ ಬೆಲೆ 9.8 ಎಂಬುದು ವಿದ್ಯಾರ್ಥಿಗೆ ಮೊದಲೇ ಗೊತ್ತು. ಗಡಿಯಾರವು ಬೇರೆಯದನ್ನು ಹೇಳಿದರೆ ಅವನು ಅಳತೆಯನ್ನು ತಿದ್ದಿ, ಉತ್ತರವನ್ನು ಹೊಂದಿಸಿ, ದಾಖಲೆ ಪುಸ್ತಕವನ್ನು ಅಂದವಾಗಿ ತುಂಬುತ್ತಾನೆ. ಅವನಿಗೆ ಪೂರ್ಣ ಅಂಕಗಳೂ ದೊರೆಯುತ್ತವೆ! ಮೂಲಕಣ ವಿಜ್ಞಾನಿಗಳಾದರೋ ಇದಕ್ಕೆ ವಿರುದ್ಧವಾಗಿ, ವಿಶ್ಲೇಷಣೆಯ ವಿಧಾನ ಸ್ಥಿರಗೊಳ್ಳುವವರೆಗೂ ಉತ್ತರವನ್ನು ತಮ್ಮಿಂದಲೇ ಮರೆಮಾಡಿಕೊಳ್ಳುವ ಪದ್ಧತಿಯನ್ನು ರೂಢಿಸಿಕೊಂಡಿದ್ದಾರೆ. ಬಯಕೆಯು ಕಣ್ಣನ್ನು ವಂಚಿಸುತ್ತದೆಂಬ ಅರಿವೇ ಇದಕ್ಕೆ ಕಾರಣ.

ಇಂತಹ ಪಾಠಕ್ಕೆ ಸಮಯವೆಲ್ಲಿ, ಸಲಕರಣೆಗಳೆಲ್ಲಿ ಎಂದು ಉಪಾಧ್ಯಾಯರು ಕೇಳಬಹುದು. ಪಠ್ಯಕ್ರಮದ ಭಾರವು ನಿಜವೇ. ಆದರೆ ಇದಕ್ಕೆ ಬೇಕಾದುದು ಒಂದು ದಾರ, ಒಂದು ಕಲ್ಲು, ಒಂದು ಗಡಿಯಾರ. ಹತ್ತು ಮಕ್ಕಳು ಅಳೆಯಲಿ; ಹತ್ತೂ ಬೆಲೆಗಳನ್ನು ಕರಿಹಲಗೆಯ ಮೇಲೆ ಬರೆಯಲಿ; ಅವು ಏಕೆ ಚೆದುರಿದವೆಂದು ಚರ್ಚಿಸಲಿ. ಮಳೆ ಬಿದ್ದಾಗ ಹಲಗೆಯ ಮೇಲೆ ಬೀಳುವ ಹನಿಗಳನ್ನು ಹತ್ತು ಹತ್ತು ಸೆಕೆಂಡಿಗೊಮ್ಮೆ ಎಣಿಸಲಿ. ಮಳೆ ಒಂದೇ ಸಮನಾಗಿದ್ದು ಸರಾಸರಿ 9 ಆದರೆ, ಎಣಿಕೆಯು ಬಹುಮಟ್ಟಿಗೆ 6ರಿಂದ 12ರ ನಡುವೆ ಓಲಾಡುವುದನ್ನು ಅವರೇ ಕಾಣುವರು. 9ರ ವರ್ಗಮೂಲ 3 ಎಂಬುದರ ಅರ್ಥ ಆಗ ತಾನಾಗಿ ಹೊಳೆಯುವುದು.

ದೊಡ್ಡಬಳ್ಳಾಪುರದ, ನೆಲಮಂಗಲದ ಹಳ್ಳಿಗಳಿಂದ ಬರುವ ಮಕ್ಕಳೆಲ್ಲರೂ ಭೌತವಿಜ್ಞಾನಿಗಳಾಗಲಾರರು. ಅವರು ವೈದ್ಯರಾಗಬಹುದು, ವರ್ತಕರಾಗಬಹುದು, ರೈತರಾಗಬಹುದು. ರಕ್ತಪರೀಕ್ಷೆಯ ಅಂಕಿಯಾಗಲಿ, ತೂಕದ ಲೆಕ್ಕವಾಗಲಿ ಅವರ ಕೈಯಲ್ಲಿ ಸುಳ್ಳಾಗದಿರಬೇಕಾದರೆ, ತಿದ್ದದ ಅಳತೆಯನ್ನು ಗೌರವಿಸುವ ಅಭ್ಯಾಸ ಶಾಲೆಯಲ್ಲಿಯೇ ಬೇರೂರಬೇಕು. 9.3 ಎಂದು ಬಂದುದನ್ನು 9.3 ಎಂದೇ ಬರೆದು ಕಾರಣವನ್ನು ಅರಸುವ ವಿದ್ಯಾರ್ಥಿಗೆ ಪೂರ್ಣ ಅಂಕ ನೀಡುವ ಧೈರ್ಯವನ್ನು ಶಾಲೆಗಳು ತೋರಲಿ. ವಿಜ್ಞಾನ ಶಿಕ್ಷಣದ ನಿಜವಾದ ಆರಂಭ ಅದೇ.