ಸೀಸೆಯ ಮೇಲೆ ಊರಿನ ಹೆಸರು

ಫ್ರಾನ್ಸಿನ ವೈನ್ ಸವಿಯುವ ಸಂಜೆ ಎಂದರೆ ಕುಡಿತದ ಕೂಟವೆಂದೇ ಹಲವರು ತಿಳಿಯುತ್ತಾರೆ. ಶಿಸ್ತಾಗಿ ನಡೆದರೆ ಅದು ನಾಲಿಗೆಗೆ ಇಟ್ಟ ಪರೀಕ್ಷೆ. ಬಿಳಿ ಬಟ್ಟೆ ಹಾಸಿದ ಮೇಜು, ಒಬ್ಬೊಬ್ಬರ ಮುಂದೆ ಐದಾರು ಗಾಜಿನ ಲೋಟ, ಒಂದೊಂದರಲ್ಲೂ ಸುಮಾರು 50 ಮಿಲಿಲೀಟರ್ ವೈನ್. ಮೊದಲು ಬಣ್ಣ ನೋಡಬೇಕು. ಆಮೇಲೆ ಲೋಟವನ್ನು ಮೆಲ್ಲಗೆ ತಿರುಗಿಸಿ ಮೂಸಬೇಕು. ಕೊನೆಗೆ ಒಂದು ಗುಟುಕನ್ನು ಬಾಯಲ್ಲಿ ಆಡಿಸಬೇಕು. ಪಳಗಿದವರು ಅದನ್ನು ನುಂಗುವುದೂ ಇಲ್ಲ, ಪಕ್ಕದ ಪಾತ್ರೆಗೆ ಉಗುಳುತ್ತಾರೆ. ಎಲೆ ಅಡಿಕೆಯ ಜತೆ ಪೀಕದಾನಿಯನ್ನೂ ಕಂಡ ಕಲಬುರಗಿ ಸೀಮೆಯ ಹಿರಿಯರಿಗೆ ಇದೇನೂ ಹೊಸದೆನಿಸದು.

ಹಗುರವಾದುದು ಮೊದಲು, ಗಡುಸಾದುದು ನಂತರ ಎಂಬುದು ಕ್ರಮ. ಬಿಳಿ ವೈನ್ ತಣ್ಣಗಿರಬೇಕು. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕೊಡಬೇಕೆಂದು ಹಳಬರು ಹೇಳಿದ್ದು ಫ್ರಾನ್ಸಿನ ಕೋಣೆಗೆ, ಅಂದರೆ 16ರಿಂದ 18 ಡಿಗ್ರಿಗೆ. ಆಳಂದ, ಜೇವರ್ಗಿಯ ಏಪ್ರಿಲ್ ತಿಂಗಳ ಕೋಣೆಗೆ ಆ ಮಾತು ಸಲ್ಲುವುದಿಲ್ಲ.

ಪ್ರತಿ ಲೋಟಕ್ಕೂ ಒಂದು ಸಣ್ಣ ತಿನಿಸು ಜತೆಯಾಗುತ್ತದೆ. ಸಾನ್ಸೇರ್ ವೈನಿಗೆ ಆಡಿನ ಹಾಲಿನ ಚೀಸ್, ಬೋರ್ಡೊದ ಕೆಂಪಿಗೆ ಕುರಿಮಾಂಸದ ತುಣುಕು, ಸೋಟೆರ್ನ್‌ನ ಸಿಹಿ ವೈನಿಗೆ ಉಪ್ಪುಪ್ಪಾದ ರೋಕ್‌ಫೋರ್ ಚೀಸ್. ಇದರ ಹಿಂದಿನ ಲೆಕ್ಕ ಸರಳ. ಕೆಂಪು ವೈನಿನ ಒಗರನ್ನು ಮಾಂಸದ ಜಿಡ್ಡು ಮೆದುಗೊಳಿಸುತ್ತದೆ. ಹುಳಿ ಕರಿದ ತಿಂಡಿಯ ಎಣ್ಣೆಯನ್ನು ತೊಳೆಯುತ್ತದೆ. ಉಪ್ಪು ಸಿಹಿಯನ್ನು ಎತ್ತಿ ಹಿಡಿಯುತ್ತದೆ. ಖಾರ ಮಾತ್ರ ಮದ್ಯದೊಡನೆ ಸೇರಿದರೆ ಬಾಯಿ ಇನ್ನಷ್ಟು ಉರಿಯುತ್ತದೆ. ಮಿರ್ಚಿ ಭಜಿಯ ತಟ್ಟೆ ಬಂದರೆ ಗಡುಸು ಕೆಂಪು ವೈನನ್ನು ದೂರವಿಟ್ಟು, ತುಸು ಸಿಹಿಯಿರುವ ಬಿಳಿಯದನ್ನು ಹತ್ತಿರ ಎಳೆದುಕೊಳ್ಳುವುದು ಜಾಣತನ. ಈ ಲೆಕ್ಕ ಕಲಿಯಲು ಪ್ಯಾರಿಸ್‌ಗೆ ಹೋಗಬೇಕಿಲ್ಲ. ಕಡಕ್ ರೊಟ್ಟಿಗೆ ಬೆಣ್ಣೆ, ಶೇಂಗಾ ಹಿಂಡಿಗೆ ಗಟ್ಟಿ ಮೊಸರು, ಸುಗ್ಗಿಯ ಸೀತನಿಗೆ ಬೆಲ್ಲ ಎಂದು ಗೊತ್ತು ಮಾಡಿದ ಅವ್ವಂದಿರಿಗೆ ಜೋಡಿ ಕೂಡಿಸುವ ವಿದ್ಯೆ ಎಂದೋ ತಿಳಿದಿತ್ತು.

ಫ್ರೆಂಚರಿಂದ ಕಲಿಯಬೇಕಾದುದು ಬೇರೆಯೇ ಇದೆ. ಮೇಜಿನ ಮೇಲಿನ ಸೀಸೆಗಳನ್ನು ಓದಿ ನೋಡಿ. ಶಾಬ್ಲಿ, ಸಾನ್ಸೇರ್, ಸೋಟೆರ್ನ್, ಶಾಂಪೇನ್: ಎಲ್ಲವೂ ಊರಿನ ಅಥವಾ ಸೀಮೆಯ ಹೆಸರುಗಳು. ಶಾಬ್ಲಿಯ ಹೊಲದಲ್ಲಿರುವುದು, ನಮ್ಮ ಶಹಾಬಾದ್ ಫರಸಿಯಂತೆ, ಸುಣ್ಣದಂಶದ ಕಲ್ಲು. ಕಲ್ಲಿನ ರುಚಿ ನೇರವಾಗಿ ಹಣ್ಣಿಗೆ ಇಳಿಯುವುದಿಲ್ಲ; ಆದರೆ ಮಣ್ಣು ನೀರು ಹಿಡಿಯುವ ರೀತಿ, ಬಿಸಿಲು, ರಾತ್ರಿಯ ತಂಪು, ಬೆಳೆಗಾರನ ಕೈಗುಣ ಇವೆಲ್ಲ ಕೂಡಿ ಒಂದು ಊರಿನ ಹಣ್ಣನ್ನು ಇನ್ನೊಂದು ಊರಿನ ಹಣ್ಣಿನಿಂದ ಬೇರೆ ಮಾಡುತ್ತವೆ.

ಆ ಹೆಸರುಗಳಿಗೆ ಬೆಲೆ ಬಂದದ್ದು ಸುಮ್ಮನೆ ಅಲ್ಲ. 1860ರ ದಶಕದಲ್ಲಿ ಫಿಲೋಕ್ಸೆರಾ ಎಂಬ ಬೇರು ತಿನ್ನುವ ಹೇನು ಅಲ್ಲಿನ ದ್ರಾಕ್ಷಿ ತೋಟಗಳಿಗೆ ಬಿದ್ದು, ಅವನ್ನು ನಾಶದ ಅಂಚಿಗೆ ತಂದಿತು. ಅಮೆರಿಕದ ಬೇರಿಗೆ ಫ್ರಾನ್ಸಿನ ಬಳ್ಳಿ ಕಸಿ ಕಟ್ಟಿ ಉಳಿಸಿಕೊಂಡರು. ಇಂದು ನಮ್ಮ ದ್ರಾಕ್ಷಿ ರೈತರು ನೆಚ್ಚಿರುವ ಡಾಗ್‌ರಿಡ್ಜ್ ಬೇರು ಕೂಡ ಅಮೆರಿಕ ಮೂಲದ್ದೇ. ಬಳ್ಳಿ ಚೇತರಿಸಿಕೊಂಡರೂ ಕಲಬೆರಕೆ ವೈನಿನ ಹಾವಳಿ ನಿಲ್ಲಲಿಲ್ಲ, ಧಾರಣೆ ಕುಸಿಯಿತು. 1907ರಲ್ಲಿ ದಕ್ಷಿಣ ಫ್ರಾನ್ಸಿನ ಬೆಳೆಗಾರರು ಲಕ್ಷಗಟ್ಟಲೆ ಬೀದಿಗಿಳಿದರು. ನಾರ್ಬೋನ್‌ನಲ್ಲಿ ಸೈನಿಕರ ಗುಂಡಿಗೆ ಜನ ಬಲಿಯಾದರು. ಊರಿನ ಹೆಸರನ್ನು ಕಾಯುವ ಕಾನೂನು ಹಂತ ಹಂತವಾಗಿ ಬಂದು 1935ರಲ್ಲಿ ಗಟ್ಟಿ ರೂಪ ಪಡೆಯಿತು. ಸೀಸೆಯ ಮೇಲಿನ ಆ ಚೀಟಿಯ ಹಿಂದೆ ರೈತರ ರಕ್ತವಿದೆ.

ಕರ್ನಾಟಕಕ್ಕೂ ಈ ದಾರಿ ಅಪರಿಚಿತವಲ್ಲ. ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ತಪ್ಪಲಲ್ಲಿ, ಕನ್ವಲ್ ಗ್ರೋವರ್ ಫ್ರೆಂಚ್ ತಳಿಗಳನ್ನು ಬೆಳೆಸಿದರು. ಜಾರ್ಜ್ ವೆಸೆಲ್, ಆಮೇಲೆ ಬೋರ್ಡೊದ ಮಿಶೆಲ್ ರೋಲಾನ್ ಸಲಹೆ ಕೊಟ್ಟರು. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಸರ್ಕಾರ ವೈನ್ ನೀತಿ ತಂದದ್ದು 2007ರಲ್ಲಿ. ಸಾರಾಯಿ ಅಂಗಡಿಗಳಿಗೆ ಬೀಗ ಬಿದ್ದದ್ದೂ ಅದೇ ವರ್ಷ, ಜುಲೈ 1ರಂದು. ಸಾರಾಯಿಯಿಂದ ಹಾಳಾದ ಮನೆಗಳನ್ನು ಕಂಡ ಹಳ್ಳಿಯ ಹೆಣ್ಣುಮಕ್ಕಳು ವೈನಿನ ಹೆಸರು ಕೇಳಿ ಮುಖ ಸಿಂಡರಿಸಿದರೆ ತಪ್ಪೆನ್ನುವಂತಿಲ್ಲ. ವೈನಿನಲ್ಲೂ ಸಾಮಾನ್ಯವಾಗಿ ನೂರಕ್ಕೆ 12ರಿಂದ 14 ಪಾಲು ಮದ್ಯಸಾರವಿರುತ್ತದೆ. ಮದ್ಯದಲ್ಲಿ ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಹಾಗಾದರೆ ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಿಗೆ ಈ ಸಂಜೆಯಿಂದ ಏನು ಸಿಕ್ಕೀತು? ಸೀಸೆಯನ್ನು ಬಿಟ್ಟು ಪರೀಕ್ಷೆಯ ಪದ್ಧತಿಯನ್ನಷ್ಟೇ ತರಬಹುದು. ಈ ಸೀಮೆಯ ಹೆಮ್ಮೆ ತೊಗರಿ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಆದರೆ ಹೆಸರು ಕಾಗದದಲ್ಲಿದ್ದರೆ ಸಾಲದು. ಅಡತಿ ಅಂಗಡಿ ದಾಟಿ ಮಿಲ್ಲಿಗೆ ಹೋದ ಚೀಲ ಇತರ ಚೀಲಗಳಲ್ಲಿ ಬೆರೆತರೆ ಊರಿನ ಗುರುತು ಅಲ್ಲಿಗೇ ಅಳಿಯಿತು. ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದ ಬರುವ ತೊಗರಿಯೂ ಅದೇ ಪೇಟೆಯಲ್ಲಿ ಮಾರಾಟವಾಗುತ್ತದೆ.

1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಹೆಸರು ಮರೆಮಾಡಿ ವೈನ್ ಪರೀಕ್ಷೆ ನಡೆಸಿದಾಗ, ಫ್ರೆಂಚ್ ತೀರ್ಪುಗಾರರೇ ಬಿಳಿ, ಕೆಂಪು ಎರಡರಲ್ಲೂ ಕ್ಯಾಲಿಫೋರ್ನಿಯಾಕ್ಕೆ ಮೊದಲ ಸ್ಥಾನ ಕೊಟ್ಟುಬಿಟ್ಟರು. ನಾಲಿಗೆಗೆ ಪಕ್ಷಪಾತ ಗೊತ್ತಿಲ್ಲ. ಅಂಥ ಪರೀಕ್ಷೆ ತೊಗರಿಗೂ ಆಗಲಿ. ನಾಲ್ಕು ಕಡೆಯ ಬೇಳೆ, ಅಷ್ಟೇ ನೀರು, ಅಷ್ಟೇ ಉಪ್ಪು, ಒಗ್ಗರಣೆ ಬೇಡ. ಬೆಂದ ಹೊತ್ತು ಗುರುತಿಸಿ, ಕಟ್ಟನ್ನು ಬಟ್ಟಲಿಗೆ ಹಾಕಿ, ಹೆಸರು ಮುಚ್ಚಿ, ಮಗ್ಗುಲಲ್ಲಿ ಒಂದು ಚೂರು ರೊಟ್ಟಿ ಇಟ್ಟು, ಬೆಂಗಳೂರು, ಹೈದರಾಬಾದ್‌ಗಳ ವ್ಯಾಪಾರಿಗಳನ್ನು ಕೂರಿಸಿ ಕೇಳಬೇಕು. ಗೆದ್ದರೆ ಚೀಲದ ಮೇಲೆ ಊರಿನ ಹೆಸರು ಬರೆಸಿ ಬೆಲೆ ಕೇಳುವ ಧೈರ್ಯ ರೈತನಿಗೆ ಬರುತ್ತದೆ. ಸೋತರೆ ಬೀಜದಲ್ಲೋ ಬೇಸಾಯದಲ್ಲೋ ಏನು ತಿದ್ದಬೇಕೆಂದಾದರೂ ತಿಳಿಯುತ್ತದೆ. ಆ ಸಂಜೆಗೆ ಪೀಕದಾನಿಯ ಅಗತ್ಯವೂ ಬೀಳದು.