ದೊಡ್ಡ ಕಂಪನಿಯ ನೆರಳು

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ ಕುಡುಪು ದಾಟಿದೊಡನೆ ಸಿಗುವ ಊರು ವಾಮಂಜೂರು. 2002ರಲ್ಲಿ ಇಲ್ಲಿ ಸಂತ ಜೋಸೆಫರ ಇಂಜಿನಿಯರಿಂಗ್ ಕಾಲೇಜು ಆರಂಭವಾದ ಮೇಲೆ, ಕಡೆಯ ವರ್ಷದ ವಿದ್ಯಾರ್ಥಿಗಳಿರುವ ಮನೆಗಳಲ್ಲಿ ಪರೀಕ್ಷೆಯ ಫಲಕ್ಕಿಂತ ಮೊದಲೇ ಇನ್ನೊಂದು ಫಲಕ್ಕಾಗಿ ಕಾತರ ಮೂಡುವುದು ವಾಡಿಕೆಯಾಗಿದೆ. ನೆಂಟರಿಷ್ಟರು ಕೇಳುವುದು ಅಂಕಗಳನ್ನಲ್ಲ, ಕಂಪನಿಯ ಹೆಸರನ್ನು.

ಅಂಥದೊಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಮಗನ ಕೈಯಲ್ಲಿ ಎರಡು ಪತ್ರಗಳಿವೆ. ಒಂದು, ಲೋಕವೆಲ್ಲ ಬಲ್ಲ ಭಾರೀ ತಂತ್ರಜ್ಞಾನ ಸಂಸ್ಥೆಯದು. ಇನ್ನೊಂದು, ಮಂಗಳೂರಿನಲ್ಲೇ ನಲವತ್ತು ಜನ ಕೂಡಿ ನಡೆಸುವ ಸಣ್ಣ ಸಂಸ್ಥೆಯದು. ಸಂಬಳ ಎರಡನೆಯದರಲ್ಲಿ ತುಸು ಹೆಚ್ಚೇ. ಆದರೆ ತಾಯಿಯ ತೀರ್ಮಾನ ಆಗಲೇ ಆಗಿಹೋಗಿದೆ. ದೊಡ್ಡ ಕಂಪನಿಯ ಹೆಸರನ್ನು ಮದುವೆಮನೆಯಲ್ಲಿ ಹೇಳಿದರೆ ವಿವರಣೆ ಬೇಕಾಗುವುದಿಲ್ಲ. ಸಣ್ಣದರ ಹೆಸರು ಹೇಳಿದರೆ 'ಅದೆಲ್ಲಿದೆ?' ಎಂಬ ಪ್ರಶ್ನೆ ಬರುತ್ತದೆ. ತಂದೆ ಮಾತ್ರ ಮೌನ. ಆತ ವಿಜಯಾ ಬ್ಯಾಂಕಿನಿಂದ ನಿವೃತ್ತನಾದವನು.

ಈ ಮೌನವನ್ನು ಅರಿಯಬೇಕಾದರೆ ಕರಾವಳಿಯ ಮಧ್ಯಮವರ್ಗದ ಮನಸ್ಸನ್ನು ಅರಿಯಬೇಕು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ—ಐದು ಬ್ಯಾಂಕುಗಳು ಹುಟ್ಟಿದ್ದು ಈ ಒಂದೇ ಸೀಮೆಯಲ್ಲಿ. ಎರಡು ಮೂರು ತಲೆಮಾರುಗಳಿಗೆ ನೌಕರಿಯೆಂದರೆ ಬ್ಯಾಂಕು. ಬ್ಯಾಂಕೆಂದರೆ ಸೇರಿದ ದಿನದಿಂದ ನಿವೃತ್ತಿಯವರೆಗೆ ಅಲುಗದ ಸೂರು. ಆ ಕಾಲದ ಅಳತೆಗೋಲನ್ನೇ ಇಂದು ತಾಯಂದಿರು ತಂತ್ರಜ್ಞಾನ ಕಂಪನಿಗೂ ಹಿಡಿಯುತ್ತಿದ್ದಾರೆ. ತಪ್ಪು ಇರುವುದು ಅಲ್ಲಿಯೇ. ತಂದೆಗಾದರೋ, ಸೂರಿನ ಹೆಸರೇ ಅಳಿದುಹೋಗುವುದನ್ನು ಕಂಡ ಅನುಭವವಿದೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಕೆಲಸ ಹೋಗಲಿಲ್ಲ, ಪಿಂಚಣಿ ನಿಲ್ಲಲಿಲ್ಲ, ನಿಜ. ಬೋರ್ಡು ಮಾತ್ರ ಇಳಿಯಿತು.

ಕಂಪನಿಗಳ ಕಥೆಯಲ್ಲಿ ಅಷ್ಟು ಭರವಸೆಯೂ ಇಲ್ಲ. ಹಾಗೆಂದು ಅವುಗಳಿಂದ ಲಾಭವಿಲ್ಲವೆನ್ನುವುದು ಕೃತಘ್ನತೆಯಾದೀತು. 1981ರಲ್ಲಿ ಪುಣೆಯಲ್ಲಿ ಹತ್ತು ಸಾವಿರ ರೂಪಾಯಿಯ ಸಾಲದ ಬಂಡವಾಳದಿಂದ ಏಳು ಮಂದಿ ಕಟ್ಟಿದ ಇನ್ಫೋಸಿಸ್, ಮುಂದೆ ಮಂಗಳೂರಿನ ಕೊಟ್ಟಾರಕ್ಕೂ ಬಂತು, ಮುಡಿಪಿನ ಗುಡ್ಡಕ್ಕೂ ಬಂತು. ಊರು ಬಿಡದೆ ಪರದೇಶದ ಕೆಲಸ ಮಾಡಬಹುದೆಂದು ಈ ಜಿಲ್ಲೆಯ ಮಕ್ಕಳು ಕಂಡುಕೊಂಡದ್ದು ಆಗ. ಮೈಸೂರಿನಲ್ಲಿ ಅದರ ತರಬೇತಿ ಕೇಂದ್ರ 300 ಎಕರೆಗೂ ಮಿಕ್ಕಿದ ಆವರಣದಲ್ಲಿದೆ. ಕಾಲೇಜಿನಲ್ಲಿ ಪುಸ್ತಕದ ಬದನೆಕಾಯಿ ತಿಂದು ಬಂದವರಿಗೆ ಅಲ್ಲಿ ತಿಂಗಳುಗಟ್ಟಲೆ ಸಂಬಳ ಕೊಟ್ಟು ಪಾಠ ಹೇಳುತ್ತಾರೆ. ನಲವತ್ತು ಜನರ ಸಂಸ್ಥೆ ಇದನ್ನು ಮಾಡಲಾರದು. ಭಾಷಾಭಯದಿಂದ ಬಾಯಿಬಿಡದ ಹಳ್ಳಿಯ ಹುಡುಗಿ ವರ್ಷ ಕಳೆಯುವುದರೊಳಗೆ ಅಮೆರಿಕದ ಗಿರಾಕಿಯೊಡನೆ ಧೈರ್ಯವಾಗಿ ಮಾತಾಡುವಂತಾಗುವುದು ಸಾಮಾನ್ಯವಾದ ಸಂಗತಿಯಲ್ಲ. ಹೆಸರಾಂತ ಕಂಪನಿಯ ಅನುಭವಪತ್ರ ಮುಂದೆ ಹತ್ತು ಬಾಗಿಲು ತೆರೆಯುತ್ತದೆ. ಗೃಹಸಾಲ ಕೊಡುವ ಮ್ಯಾನೇಜರೂ ಆ ಹೆಸರಿಗೆ ಮುಗುಳ್ನಗುತ್ತಾನೆ.

ಆದರೆ ಅದೇ ಮೈಸೂರಿನಲ್ಲಿ 2025ರ ಫೆಬ್ರವರಿಯಲ್ಲಿ, ಆಂತರಿಕ ಪರೀಕ್ಷೆಯಲ್ಲಿ ಮೂರು ಸಲವೂ ತೇರ್ಗಡೆಯಾಗಲಿಲ್ಲವೆಂದು 300ಕ್ಕೂ ಹೆಚ್ಚು ಮಂದಿ ಹೊಸಬರನ್ನು ಮನೆಗೆ ಕಳುಹಿಸಲಾಯಿತು. ಅವರಲ್ಲಿ ಅನೇಕರು ನೇಮಕದ ಪತ್ರ ಹಿಡಿದು ಎರಡು ವರ್ಷಕ್ಕೂ ಮೇಲ್ಪಟ್ಟು ಕಾದಿದ್ದವರು. ನಿಯಮ ಮೊದಲಿನಿಂದಲೂ ಇದೆಯೆಂದು ಕಂಪನಿ ಹೇಳಿತು. ಇರಬಹುದು, ಕಾಯಿಸಿದ ಕಾಲಕ್ಕೆ ನಿಯಮವೆಲ್ಲಿದೆಯೆಂದು ಕೇಳುವವರಿಗೂ ನ್ಯಾಯವಿದೆ. ಅದೇ ವರ್ಷದ ಜುಲೈಯಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸುಮಾರು 12 ಸಾವಿರ ನೌಕರರನ್ನು ಕಡಿಮೆ ಮಾಡುವುದಾಗಿ ಸಾರಿತು. ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ದರ್ಜೆಯವರೆಂಬುದನ್ನು ಗಮನಿಸಬೇಕು. ಹೊಸಬನಿಗೆ ಪರೀಕ್ಷೆಯ ಭಯವಾದರೆ, ಹಳಬನಿಗೆ ತನ್ನ ಸಂಬಳವೇ ಭಯ.

ಸಂಬಳದ ಮಾತೂ ಸ್ವಲ್ಪ. ತೊಂಬತ್ತರ ದಶಕದಲ್ಲಿ ಕಂಪನಿಯ ಷೇರು ಪಡೆದು ಸಿರಿವಂತರಾದ ನೌಕರರ ಕಥೆಯನ್ನು ಜನ ಇಂದಿಗೂ ಹೇಳುತ್ತಾರೆ. ಆ ಬಾಳೆ ಗೊನೆ ಹಾಕಿಯಾಗಿದೆ. ಹೊಸಬರಿಗೆ ಸಿಗುವ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನ ಮೊತ್ತ ಹತ್ತು ವರ್ಷಗಳಲ್ಲಿ ಹೆಚ್ಚೇನೂ ಏರಿಲ್ಲ. ಬೆಂಗಳೂರಿನ ಬಾಡಿಗೆ ಏರಿದೆ. 2023ರಲ್ಲಿ ನಾರಾಯಣಮೂರ್ತಿಯವರು ತರುಣರು ವಾರಕ್ಕೆ 70 ತಾಸು ದುಡಿಯಬೇಕೆಂದಾಗ ತರುಣರಿಗೆ ಕೋಪ ಬಂದುದು ಬರೀ ಸೋಮಾರಿತನದಿಂದಲ್ಲ.

ಇದಕ್ಕಿಂತಲೂ ಗುಟ್ಟಾದ ಹಾನಿಯೊಂದಿದೆ. ದೊಡ್ಡ ಕಂಪನಿಯಲ್ಲಿ ಯಾವ ಯೋಜನೆಗೆ ಸೇರುವೆನೆಂಬುದು ಸೇರುವವನ ಕೈಯಲ್ಲಿಲ್ಲ. ಕೆಲವರಿಗೆ ಹೊಸ ವಿದ್ಯೆ ದಕ್ಕುತ್ತದೆ; ಕೆಲವರು ಯಾವುದೋ ಹಳೆಯ ಲೆಕ್ಕದ ತಂತ್ರಾಂಶವನ್ನು ಐದು ವರ್ಷ ಒರೆಸುತ್ತ ಕೂರುತ್ತಾರೆ; ಇನ್ನು ಕೆಲವರು ಯೋಜನೆಯೇ ಇಲ್ಲದೆ 'ಬೆಂಚ್' ಕಾಯುತ್ತಾರೆ. ಬಿಡೋಣವೆಂದರೆ ತೊಂಬತ್ತು ದಿನಗಳ ನೋಟೀಸು. ಸಣ್ಣ ಸಂಸ್ಥೆಯಲ್ಲಿ ಗಿರಾಕಿಯ ಬೈಗುಳದಿಂದ ಹಿಡಿದು ರಾತ್ರಿ ಕೆಟ್ಟ ಸರ್ವರಿನವರೆಗೆ ಎಲ್ಲವೂ ತಲೆಯ ಮೇಲೆ ಬೀಳುವುದರಿಂದ ಕಲಿಯದೆ ವಿಧಿಯಿಲ್ಲ. ಅಲ್ಲಿನ ಅಪಾಯವೇ ಬೇರೆ: ಒಬ್ಬ ದೊಡ್ಡ ಗಿರಾಕಿ ಕೈಬಿಟ್ಟರೆ ಮುಂದಿನ ತಿಂಗಳ ಸಂಬಳಕ್ಕೇ ಸಂಚಕಾರ.

ಆದ್ದರಿಂದ ದೊಡ್ಡದನ್ನು ಮನೆಯೆಂದು ಬಗೆದು ಹೋಗುವವನಿಗಿಂತ ಶಾಲೆಯೆಂದು ಬಗೆದು ಹೋಗುವವನು ಜಾಣ. ಆ ಶಾಲೆಗೆ ಎರಡು ಮೂರು ವರ್ಷ ಕೊಟ್ಟರೆ ನಷ್ಟವಿಲ್ಲ. ಪಾಠ ಮುಗಿದ ಮೇಲೂ ಬೆಂಚಿನಲ್ಲೇ ಕೂತರೆ ನಷ್ಟ.

ಇತ್ತ ವಾಮಂಜೂರಿನ ಮನೆಯಲ್ಲಿ ತಂದೆ ಕೊನೆಗೊಮ್ಮೆ ಬಾಯಿ ತೆರೆದಿದ್ದಾನೆ. ''ಮೈಸೂರಿಗೇ ಹೋಗು ಮಗಾ. ಆದರೆ ಮೂರು ವರ್ಷ ಕಳೆದ ಮೇಲೆ ನಿನಗೆ ಏನೇನು ಬರುತ್ತದೆ ಎಂದು ನಾನು ಕೇಳುತ್ತೇನೆ. ಕಂಪನಿಯ ಹೆಸರು ಹೇಳಬೇಡ, ಕೆಲಸ ಹೇಳು.''

ಮಗ ತಲೆಯಾಡಿಸಿದ. ತಾಯಿಗೆ ಇನ್ನೊಂದು ಸಂಗತಿ ತಿಳಿಯಬೇಕಾಗಿತ್ತು: ಆ ಕಂಪನಿಯ ಆರೋಗ್ಯ ವಿಮೆ ತಂದೆತಾಯಿಗಳಿಗೂ ಸಿಗುತ್ತದೆಯೆ?