ಅಶ್ಲೀಲತೆಯ ವ್ಯಸನ: ಛೀಮಾರಿಯೊಂದೇ ಮದ್ದಲ್ಲ

ಮದ್ಯವ್ಯಸನಿಯನ್ನು ಇಡೀ ಊರು ಗುರುತಿಸುತ್ತದೆ. ಬಾಯಿಯ ವಾಸನೆ, ತೂರಾಡುವ ಕಾಲು, ಬರಿದಾದ ಜೇಬು ಅವನ ಗುಟ್ಟನ್ನು ರಟ್ಟು ಮಾಡುತ್ತವೆ. ಆದರೆ ಅಶ್ಲೀಲ ಚಿತ್ರಗಳ ವ್ಯಸನಕ್ಕೆ ವಾಸನೆಯಿಲ್ಲ. ಅದಕ್ಕೆ ಬಲಿಯಾದವನು ದುಡಿಯುತ್ತಾನೆ, ಮನೆಗೆ ದಿನಸಿ ತರುತ್ತಾನೆ, ಶುಕ್ರವಾರ ಮಸೀದಿಯ ಸಾಲಿನಲ್ಲೂ ನಿಲ್ಲುತ್ತಾನೆ. ಮನೆಮಂದಿಯೆಲ್ಲ ಮಲಗಿದ ಬಳಿಕ ಮೊಬೈಲ್ ಕೈಗೆತ್ತಿಕೊಳ್ಳುತ್ತಾನೆ. ವಿಷಯ ಬಯಲಾದ ದಿನ ಮನೆಯಲ್ಲಿ ಕಾಣಸಿಗುವುದು ಎರಡೇ ಪ್ರತಿಕ್ರಿಯೆ. ಒಂದೋ ಛೀಮಾರಿ, ಇಲ್ಲವೇ ಮೌನ. ಆತ ತಪ್ಪೊಪ್ಪಿಕೊಳ್ಳುತ್ತಾನೆ, ಆಣೆ ಮಾಡುತ್ತಾನೆ, ಕೆಲವೇ ದಿನಗಳಲ್ಲಿ ಮತ್ತೆ ಅದೇ ದಾರಿ ಹಿಡಿಯುತ್ತಾನೆ. ಹಾಗಾದರೆ ಆ ಆಣೆ ಸುಳ್ಳಾಗಿತ್ತೇ?

ಇರಲಾರದು. ಆಣೆ ಮಾಡುವ ಮನಸ್ಸಿಗೂ ಹಳೆಯ ದಾರಿಗೆ ಎಳೆಯುವ ಶಕ್ತಿಗೂ ಮಿದುಳಿನಲ್ಲಿ ಬೇರೆ ಬೇರೆ ನೆಲೆಗಳಿವೆ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ಸಂಶೋಧಕರು ಇಲಿಗಳ ಮಿದುಳಿಗೆ ಸೂಕ್ಷ್ಮ ತಂತಿಯನ್ನು ಅಳವಡಿಸಿದರು. ಹಿಡಿಕೆಯೊಂದನ್ನು ಒತ್ತಿದರೆ ಮಿದುಳಿನ ನಿರ್ದಿಷ್ಟ ಭಾಗಕ್ಕೆ ನಸು ವಿದ್ಯುತ್ ಹರಿಯುತ್ತಿತ್ತು. ಇಲಿಗಳು ಗಂಟೆಗೆ ನೂರಾರು ಬಾರಿ ಅದನ್ನು ಒತ್ತತೊಡಗಿದವು. ಈ ಎಳೆತದ ಹಿಂದೆ ಡೋಪಮೈನ್ ಎಂಬ ರಾಸಾಯನಿಕದ ಪ್ರಮುಖ ಪಾತ್ರವಿದೆ ಎಂಬುದು ಅನಂತರದ ಸಂಶೋಧನೆಗಳಿಂದ ತಿಳಿದುಬಂತು.

ಡೋಪಮೈನನ್ನು ಆನಂದದ ರಾಸಾಯನಿಕವೆಂದು ಕರೆಯುವುದು ರೂಢಿ. ನಿಜವಾಗಿ ಅದು ಆನಂದಕ್ಕಿಂತ ಹೆಚ್ಚಾಗಿ ಬಯಕೆಯ ರಾಸಾಯನಿಕ. 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ಪ್ರಯೋಗ ನಡೆಸಿದರು. ಆರಂಭದಲ್ಲಿ ಹಣ್ಣಿನ ರಸ ನಾಲಗೆಗೆ ತಾಗಿದಾಗ ಡೋಪಮೈನ್ ನರಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮುನ್ನ ಸೂಚನೆಯೊಂದು ಸಿಗುತ್ತದೆಂದು ಕೋತಿ ಕಲಿತ ಬಳಿಕ, ಆ ಸೂಚನೆಗೇ ಅವು ಚುರುಕಾಗತೊಡಗಿದವು. ಮನುಷ್ಯನ ವಿಷಯದಲ್ಲೂ ಇದುವೇ ನಡೆಯುತ್ತದೆ. ಏಕಾಂತದ ಕೋಣೆ, ರಾತ್ರಿಯ ಹೊತ್ತು, ಕೈಯಲ್ಲಿನ ಮೊಬೈಲ್ ಇವೇ ಸೂಚನೆಗಳಾಗಿಬಿಡುತ್ತವೆ. ಚಿತ್ರ ತೆರೆಯುವ ಮೊದಲೇ ಬಯಕೆ ಹೆಡೆಯೆತ್ತಿರುತ್ತದೆ. ಇದಕ್ಕೆ ಹೊಸತನದ ಆಕರ್ಷಣೆಯೂ ಸೇರಿಕೊಳ್ಳುತ್ತದೆ. ಹೊಸತು ಎದುರಾದಾಗ ಡೋಪಮೈನ್ ಮತ್ತೆ ಏರುತ್ತದೆ. ಬೆರಳ ತುದಿಯಲ್ಲಿ ಕ್ಷಣಕ್ಕೊಂದು ಹೊಸ ದೃಶ್ಯ ಒದಗಿಸುವ ಯಂತ್ರವನ್ನು ಹಿಂದಿನ ಯಾವ ತಲೆಮಾರೂ ಜೇಬಿನಲ್ಲಿಟ್ಟುಕೊಂಡು ತಿರುಗಿರಲಿಲ್ಲ.

2014ರಲ್ಲಿ ಬ್ರಿಟನ್ನಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ವೆಲರಿ ವೂನ್ ಮತ್ತು ಸಂಗಡಿಗರು ಲೈಂಗಿಕ ವರ್ತನೆಯ ಮೇಲೆ ಹಿಡಿತ ತಪ್ಪಿದ 19 ಪುರುಷರ ಮಿದುಳನ್ನು ಇತರ 19 ಪುರುಷರ ಮಿದುಳಿನೊಂದಿಗೆ ಹೋಲಿಸಿದರು. ಅಶ್ಲೀಲ ದೃಶ್ಯ ಕಂಡಾಗ ಮೊದಲ ಗುಂಪಿನವರ ಮಿದುಳು ಪ್ರತಿಕ್ರಿಯಿಸಿದ ರೀತಿ ಮಾದಕದ್ರವ್ಯ ವ್ಯಸನಿಗಳದ್ದನ್ನು ಹೋಲುತ್ತಿತ್ತು. ಅವರ ಬಯಕೆ ಹೆಚ್ಚಾಗಿತ್ತು, ಆದರೆ ಇಷ್ಟ ಹೆಚ್ಚಾಗಿರಲಿಲ್ಲ. ವ್ಯಸನಿಯ ದುರಂತವೇ ಇದು. ಆತ ಬಯಸುತ್ತಲೇ ಇರುತ್ತಾನೆ, ಸುಖ ಪಡುವುದಿಲ್ಲ.

ಹಾಗೆಂದು ವಿಜ್ಞಾನ ಹೇಳದ್ದನ್ನು ಅದರ ಬಾಯಿಗೆ ತುರುಕಬಾರದು. ಅದೇ ವರ್ಷ ಬರ್ಲಿನ್‌ನ ಸಂಶೋಧಕರು 64 ಪುರುಷರನ್ನು ಪರೀಕ್ಷಿಸಿದಾಗ, ಹೆಚ್ಚು ಹೊತ್ತು ಅಶ್ಲೀಲ ಚಿತ್ರ ನೋಡುವವರ ಮಿದುಳಿನ ಒಂದು ಭಾಗದ ಗಾತ್ರ ಕಡಿಮೆಯಿರುವುದು ಕಂಡುಬಂತು. ಆದರೆ ನೋಡಿದ್ದರಿಂದ ಗಾತ್ರ ಕುಗ್ಗಿತೇ ಅಥವಾ ಹಾಗಿದ್ದುದರಿಂದಲೇ ಹೆಚ್ಚು ನೋಡಿದರೇ ಎಂಬುದನ್ನು ಆ ಅಧ್ಯಯನ ತೀರ್ಮಾನಿಸಲಿಲ್ಲ. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯು ಹತೋಟಿ ಮೀರಿದ ಲೈಂಗಿಕ ವರ್ತನೆಯನ್ನು ಕಾಯಿಲೆಯೆಂದು ಗುರುತಿಸಿದೆ. ಆದರೂ ಅದನ್ನು ವ್ಯಸನಗಳ ಗುಂಪಿಗೆ ಸೇರಿಸದೆ, ಉದ್ವೇಗ ನಿಯಂತ್ರಣದ ದೋಷಗಳ ಜೊತೆಗಿಟ್ಟಿದೆ. ಮಾತ್ರವಲ್ಲ, ಕೇವಲ ನೈತಿಕ ಪಾಪಪ್ರಜ್ಞೆಯಿಂದ ನರಳುವವನನ್ನು ಆ ಕಾರಣಕ್ಕಷ್ಟೇ ರೋಗಿಯೆನ್ನುವಂತಿಲ್ಲ ಎಂದೂ ಸ್ಪಷ್ಟಪಡಿಸಿದೆ. ಧರ್ಮನಿಷ್ಠ ಕುಟುಂಬಗಳು ಈ ಮಾತನ್ನು ಗಮನಿಸಬೇಕು. ಒಮ್ಮೆ ಎಡವಿದ ಯುವಕನಿಗೆ ವ್ಯಸನಿಯೆಂಬ ಹಣೆಪಟ್ಟಿ ಹಚ್ಚುವುದು ಅನ್ಯಾಯ. ಪದೇ ಪದೇ ಯತ್ನಿಸಿಯೂ ಹೊರಬರಲಾಗದೆ ದುಡಿಮೆ, ಆರೋಗ್ಯ, ದಾಂಪತ್ಯವನ್ನು ಕೈಯಾರೆ ಕೆಡಿಸಿಕೊಳ್ಳುತ್ತಿರುವವನಿಗೆ ಬರೀ ಬೋಧನೆ ಮಾಡಿ ಕಳುಹಿಸುವುದೂ ಅಷ್ಟೇ ಅನ್ಯಾಯ.

ಎಲ್ಲವೂ ಮಿದುಳಿನ ಆಟವಾದರೆ ಪುರುಷನಿಗೆ ಹೊಣೆಯೇ ಇಲ್ಲವೇ? ಖಂಡಿತ ಇದೆ. ಸಕ್ಕರೆ ಕಾಯಿಲೆಯವನಿಗೆ ಕಾಯಿಲೆ ಬಂದುದು ಅಪರಾಧವಲ್ಲ, ಮದ್ದು ತೆಗೆದುಕೊಳ್ಳದಿರುವುದು ಅಪರಾಧ. ಪವಿತ್ರ ಕುರ್‌ಆನ್ 24ನೇ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸುವ ಆದೇಶವನ್ನು ಮೊದಲು ನೀಡಿರುವುದು ಪುರುಷರಿಗೆ, ಬಳಿಕ ಮಹಿಳೆಯರಿಗೆ. ಆದರೂ ಪತಿಯ ಚಟಕ್ಕೆ ಪತ್ನಿಯ ರೂಪವನ್ನೋ ನಡತೆಯನ್ನೋ ದೂರುವವರು ನಮ್ಮ ನಡುವೆ ಇದ್ದಾರೆ. ಹೊಸತನದ ಬೆನ್ನು ಹತ್ತಿದ ಮಿದುಳಿಗೆ ಜಗತ್ತಿನ ಯಾವ ಹೆಣ್ಣೂ ಸಾಲದು. ತಪ್ಪು ಆಕೆಯದ್ದಲ್ಲ.

ಸರಕಾರದ ನಿಷೇಧಗಳನ್ನು ನಂಬಿ ಕೂರುವುದರಲ್ಲೂ ಅರ್ಥವಿಲ್ಲ. ಉತ್ತರಾಖಂಡ ಹೈಕೋರ್ಟ್‌ನ ಆದೇಶದ ಬಳಿಕ 2018ರಲ್ಲಿ ಕೇಂದ್ರ ಸರಕಾರ 827 ಜಾಲತಾಣಗಳನ್ನು ತಡೆಯಲು ಸೂಚಿಸಿತು. ಆ ಬಾಗಿಲು ಮುಚ್ಚಿದರೂ ಬೇರೆ ಬಾಗಿಲುಗಳು ತೆರೆದುಕೊಂಡವು. ನಿಜವಾದ ಬಾಗಿಲು ಇರುವುದು ಮನೆಯೊಳಗೆ. ರಾತ್ರಿ ಮೊಬೈಲ್ ಮಲಗುವ ಕೋಣೆಯ ಹೊರಗಿರಲಿ. ನಿಯಮ ಮಕ್ಕಳಿಗಷ್ಟೇ ಅಲ್ಲ, ತಂದೆಗೂ ಅನ್ವಯಿಸಲಿ. ಕಡಿವಾಣ ಹಾಕುವ ಮುಂಮಿದುಳು ಇಪ್ಪತ್ತು ದಾಟಿದ ಬಳಿಕವೂ ಬೆಳೆಯುತ್ತಿರುತ್ತದೆ. ಆದ್ದರಿಂದ ಹದಿಹರೆಯದ ಮಗನೊಂದಿಗೆ ತಂದೆಯೇ ಮುಕ್ತವಾಗಿ ಮಾತಾಡಲಿ. ಹತೋಟಿ ತಪ್ಪಿದೆಯೆಂದಾದರೆ ಮನೋವೈದ್ಯರ ಬಳಿ ಹೋಗಲು ನಾಚಿಕೆ ಬೇಡ. ಬೆಂಗಳೂರಿನ ನಿಮ್ಹಾನ್ಸ್ ಮೊಬೈಲ್ ಮತ್ತು ಇಂಟರ್‌ನೆಟ್ ಗೀಳಿಗೆಂದೇ 2014ರಲ್ಲಿ ಚಿಕಿತ್ಸಾ ಘಟಕ ಆರಂಭಿಸಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ಪದೇ ಪದೇ ನಡೆದು ಸವೆದ ದಾರಿಯಂತೆ ಮಿದುಳಿನಲ್ಲಿ ಚಟ ಮೂಡುತ್ತದೆ. ನಡೆಯುವುದನ್ನು ನಿಲ್ಲಿಸಿದರೆ ಆ ದಾರಿಯಲ್ಲಿ ಮೆಲ್ಲನೆ ಹುಲ್ಲು ಬೆಳೆಯುತ್ತದೆ. ಅದಕ್ಕೆ ಸಮಯ ಬೇಕು, ಸಂಗಾತಿಗಳು ಬೇಕು. ಆ ಸಂಗಾತಿಗಳಾಗಲು ನಮ್ಮ ಮನೆ ಮತ್ತು ಮಸೀದಿಗಳು ಸಿದ್ಧವಿವೆಯೇ?